ಕಿವಿ ಕಾಣುವಂತೆ ಕೂತುಕೊಳ್ಳಿ

ನಮ್ಮ ಬೀದಿಯಲ್ಲಿ ಪಾಸ್‌ಪೋರ್ಟ್ ಕಚೇರಿಯ ಎದುರಿಗೆ ಒಂದು ಹಳೆಯ ಕಟ್ಟಡವಿದೆ. ಕೆಳಗೆ, ಮೆಟ್ಟಿಲ ಬುಡದಲ್ಲಿ, ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವರೊಬ್ಬರು ಕೂರುತ್ತಾರೆ. ಎಲ್ಲರ ಬಾಯಲ್ಲೂ ಅವರು ಅರ್ಜಿ ಮಾವ. ಮೇಲೆ ಎರಡು ಕೋಣೆಗಳು. ಒಂದರಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಫೋಟೋ ಅಕ್ಕನ ಸ್ಟುಡಿಯೋ. ನಡುವೆ ಇರುವುದು ಹಲಗೆಯ ಗೋಡೆ. ಅಲ್ಲಿ ಯಾರಾದರೂ ಸೀನಿದರೆ ಇಲ್ಲಿಂದ ನಾನು "ದೇವರು ಕಾಪಾಡಲಿ" ಎನ್ನಬಹುದು. ಹಾಗಾಗಿ ಈಗ ಹೇಳುವುದರಲ್ಲಿ ಹೆಚ್ಚಿನದನ್ನು ನಾನೇ ಕೇಳಿದ್ದು. ಉಳಿದದ್ದು ಅವಳು ನನ್ನ ಕೋಣೆಗೆ ಬಂದು, ಬಟ್ಟೆ ಚೂರುಗಳ ಮೇಲೆ ಕುಳಿತು ಹೇಳಿದ್ದು.

ಫೋಟೋ ಅಕ್ಕನಿಗೆ ಐವತ್ತೆರಡು. ಮದುವೆಯಾಗಿ ಬಂದಾಗ ಹತ್ತೊಂಬತ್ತು. ಗಂಡ ಫೋಟೋ ತೆಗೆಯುತ್ತಿದ್ದರು, ಇವಳು ಕತ್ತಲೆ ಕೋಣೆಯಲ್ಲಿ ಕೈ ನೆನೆಸಿಕೊಂಡು ಪ್ರತಿಗಳನ್ನು ತೊಳೆಯುತ್ತಿದ್ದಳು. ಅವರು ತೀರಿಕೊಂಡಾಗ ಅಂಗಡಿ ಮುಚ್ಚುತ್ತಾಳೆ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದರು. ಒಂದು ತಿಂಗಳು ಬಿಟ್ಟು ಬಾಗಿಲು ತೆರೆದಳು. ಅತ್ತೆಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ ತಂದು ಕನ್ನಡಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದಳು. ಆವತ್ತಿನಿಂದ ಹನ್ನೊಂದು ವರ್ಷ ಅಜ್ಜಿ ಬಾಚಣಿಗೆ ಹಿಡಿದು ಅಲ್ಲೇ ಕೂತಿದ್ದರು. ಬಂದವರ ತಲೆ ನೋಡಿ, "ಏನಪ್ಪಾ, ಕಾಗೆ ಗೂಡು ಕಟ್ಟಿಸ್ಕೊಂಡು ಬಂದಿದೀಯಲ್ಲ" ಎಂದು ಬಾಚಣಿಗೆ ಕೊಡುವುದು ಅವರ ಕೆಲಸ. ಅಜ್ಜಿಗೆ ಸ್ವಲ್ಪ ಕೇಳಿಸುವುದಿಲ್ಲ. ಬೇಡದ್ದು ಪೂರ್ತಿ ಕೇಳಿಸುವುದಿಲ್ಲ.

ಸ್ಟುಡಿಯೋದಲ್ಲಿ ಮೊಳೆಗೆ ತೂಗುಹಾಕಿದ ಒಂದು ಕಪ್ಪು ಕೋಟು ಇತ್ತು. ಕೋಟಿಲ್ಲದೆ ಬಂದವರಿಗೆಲ್ಲ ಅದೇ. ತೆಳ್ಳಗಿನವರಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಬಿಗಿ ಮಾಡುವುದು, ದಪ್ಪಗಿನವರಿಗೆ ತೋಳು ಮಾತ್ರ ತೂರಿಸಿ ಬೆನ್ನು ತೆರೆದೇ ಬಿಡುವುದು. ಅದರ ಹೊಲಿಗೆ ಬಿಚ್ಚಿಹೋದಾಗೆಲ್ಲ ನಾನೇ ಹಾಕಿಕೊಟ್ಟಿದ್ದೇನೆ. "ಈ ಒಂದು ಕೋಟು ಅರ್ಧ ಊರನ್ನ ಹೊರದೇಶಕ್ಕೆ ಸಾಗಿಸಿದೆ, ತಾನು ಮಾತ್ರ ಮೊಳೆ ಬಿಟ್ಟು ಇಳಿದಿಲ್ಲ" ಎಂದು ಅರ್ಜಿ ಮಾವ ನಗುತ್ತಿದ್ದರು.

ಪಾಸ್‌ಪೋರ್ಟಿಗೆ ಬಂದವರ ಮುಖ ಕ್ಯಾಮೆರಾ ಕಂಡ ಕೂಡಲೇ ಮರಗಟ್ಟುತ್ತದೆ. ಅದನ್ನು ಸಡಿಲಿಸಲು ಅಕ್ಕ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಯಾಕೆ ಹೋಗ್ತಾ ಇದೀರಿ?" ಎಲ್ಲರೂ ಮೊದಲು ಅರ್ಜಿಯಲ್ಲಿ ಬರೆದದ್ದನ್ನೇ ಹೇಳುವರು. ಕೆಲಸಕ್ಕೆ, ಓದಕ್ಕೆ, ಮಗಳ ಬಾಣಂತನಕ್ಕೆ. ಆಮೇಲೆ ಅವಳು ಕಾಲರು ಸರಿಮಾಡಲು ಹತ್ತಿರ ಬಂದು, "ಗಲ್ಲ ಸ್ವಲ್ಪ ಕೆಳಗೆ, ಕಿವಿ ಎರಡೂ ಕಾಣ್ಬೇಕು" ಎನ್ನುತ್ತ ನಿಂತಾಗ ಎರಡನೆಯ ಕಾರಣ ಬರುತ್ತಿತ್ತು. ಒಬ್ಬ ಲಾರಿ ಚಾಲಕ, ತನ್ನ ಮನೆಯಲ್ಲಿ ಏನು ಮಾಡಿದರೂ ಸತ್ತ ಅಣ್ಣನ ಜೊತೆ ಹೋಲಿಸುತ್ತಾರೆ, ಅಣ್ಣನ ಹೆಸರು ಗೊತ್ತಿಲ್ಲದ ಕಡೆ ಹೋಗಿ ಸ್ವಲ್ಪ ದಿನ ಇರಬೇಕು ಎಂದ. ಒಬ್ಬ ಶಿಕ್ಷಕಿಗೆ ನಲವತ್ತು ದಾಟಿತ್ತು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಯೊಂದರಲ್ಲಿ ಒಂದು ರಾತ್ರಿಯಾದರೂ ಮಲಗಬೇಕೆಂದಳು. ಒಬ್ಬರು ಮುದುಕರು ಕಾರಣವನ್ನೇ ಹೇಳಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಅವರ ಫೋಟೋಕ್ಕೆ ಒಂದು ಗಂಟೆ ಹಿಡಿಯಿತು. ಅಕ್ಕ ಅವಸರ ಮಾಡಲಿಲ್ಲ.

ಅವಳಿಗೆ ಗಂಡ ಕಲಿಸಿದ್ದ ಒಂದು ಅಭ್ಯಾಸವಿತ್ತು. ಎಂಟು ಪ್ರತಿ ಕೇಳಿದರೆ ಒಂಬತ್ತು ತೆಗೆಯುವುದು. ಒಂಬತ್ತನೆಯದರ ಹಿಂದೆ ಪೆನ್ಸಿಲಿನಲ್ಲಿ ಹೆಸರು, ತಾರೀಖು ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಕಳೆದುಕೊಂಡು ಓಡಿ ಬಂದವರಿಗೆ ಇರಲಿ ಎಂದು. ಸಂಜೆ ಮುಚ್ಚಳ ಹಾಕುವ ಮೊದಲು "ಎಲ್ಲರೂ ಸುಖವಾಗಿ ಸೇರ್ಲಪ್ಪ" ಎಂದು ಒಂದು ಸಲ ಹೇಳುವಳು. ಅದು ನನಗೆ ಇಷ್ಟವಾಗಿತ್ತು. ಗೋಡೆಯ ಈಚೆಯಿಂದ ನಾನೂ ಸೇರಿಸುತ್ತಿದ್ದೆ.

ಆ ಮನುಷ್ಯ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಮೂವತ್ತೈದರ ಸುಮಾರು, ನುಣ್ಣಗೆ ಬೋಳಿಸಿದ ಮುಖ, ಇಸ್ತ್ರಿ ಮಾಡಿದ ಅಂಗಿ. ಮಾತು ಬಹಳ ಮೆತ್ತಗೆ. ಅಕ್ಕ ಎಂದಿನಂತೆ "ಕಿವಿ ಕಾಣುವಂತೆ ಕೂತುಕೊಳ್ಳಿ" ಎಂದಳು.

"ಅಯ್ಯೋ, ನೀವಾ! ಹೋಗಿ ಬಂದ್ರಾ? ಆಗ ಗಡ್ಡ ಇತ್ತು, ದಪ್ಪ ಕನ್ನಡಕ ಇತ್ತು" ಎಂದು ಒಂದು ಹೆಸರು ಹೇಳಿದಳು.

"ನಾನಲ್ಲಮ್ಮ. ನಾನು ಇದೇ ಮೊದಲು ಬರ್ತಿರೋದು."

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಮುಖಗಳನ್ನೇ ನೋಡಿದವಳು. ಗಡ್ಡ ಬರುತ್ತದೆ ಹೋಗುತ್ತದೆ, ಕಿವಿ ಬದಲಾಗುವುದಿಲ್ಲ ಎಂಬುದು ಅವಳ ಕಸುಬಿನ ಹೆಮ್ಮೆ. ಆತನ ಎಡಗಿವಿಯ ತುದಿ ಇಲಿ ಕಚ್ಚಿದಂತೆ ಸ್ವಲ್ಪ ಹರಿದಿತ್ತಂತೆ. "ನನ್ನ ಕಣ್ಣು ಮೋಸ ಹೋಗಲ್ಲ ರೀ, ಇರಿ ತೋರಿಸ್ತೀನಿ" ಎಂದವಳೇ ಡಬ್ಬಿ ತೆಗೆದು, ಕೆದಕಿ, ಎಂಟು ತಿಂಗಳ ಹಿಂದಿನ ಫೋಟೋ ಹುಡುಕಿ ಆತನ ಕೈಗೇ ಇಟ್ಟಳು. ಹಿಂದೆ ಪೆನ್ಸಿಲಿನಲ್ಲಿ ಬೇರೆ ಹೆಸರು.

"ಹೌದಲ್ಲ, ಥೇಟ್ ನನ್ನ ಹಾಗೇ ಇದಾನೆ" ಎಂದು ಆತ ನಕ್ಕ. "ಇದನ್ನ ನಾನು ಇಟ್ಕೊಳ್ಳಲಾ?"

"ಅದು ನನ್ನ ಡಬ್ಬಿದು, ಕೊಡಲ್ಲ" ಎಂದು ಅಕ್ಕನೂ ನಕ್ಕು ಕಿತ್ತುಕೊಂಡಳು.

ಆತ ಹೋದ ಮೇಲೆ ಅವಳು ಕೆಳಗಿಳಿದು ಅರ್ಜಿ ಮಾವನಿಗೆ ಈ ತಮಾಷೆಯನ್ನು ಹೇಳಿದಳು. ಮಾವ ಬರೆಯುತ್ತಿದ್ದ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ಅಕ್ಕ, ಎಂಟು ತಿಂಗಳ ಹಿಂದೆ ಒಂದು ಹೆಸರಿಗೆ, ಇವತ್ತು ಇನ್ನೊಂದು ಹೆಸರಿಗೆ. ಒಂದೇ ಮುಖಕ್ಕೆ ಎರಡು ಪಾಸ್‌ಪೋರ್ಟ್ ಯಾಕೆ ಬೇಕು ಹೇಳು?"

"ಯಾಕೆ?"

"ಅದನ್ನ ಅವನ ಕೇಳ್ಬೇಡ. ದೇವರಾಣೆ, ಇನ್ಯಾರಿಗೂ ಹೇಳ್ಲೂಬೇಡ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನೀನು ಎರಡೂ ಮಾಡಿ ಬಂದಿದೀಯ."

ಅಲ್ಲಿಯವರೆಗೆ ಅವಳಿಗೆ ಹೊಳೆದೇ ಇರಲಿಲ್ಲ. ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದವಳು ಒಳಗಿನಿಂದ ಚಿಲಕ ಹಾಕಿದಳು.

ಮರುದಿನ ಅಂಗಡಿ ತೆರೆಯುವ ಮೊದಲೇ ಆತ ಮೆಟ್ಟಿಲ ಮೇಲೆ ನಿಂತಿದ್ದ. ಜೋರಾಗಿ ಒಂದು ಮಾತೂ ಆಡಲಿಲ್ಲ. "ಅಮ್ಮಾ, ಆ ಫೋಟೋ ಕೊಡಿ" ಎಂದ, ಕೊಟ್ಟಳು. "ಕಂಪ್ಯೂಟರಲ್ಲಿ ಇರೋದನ್ನೂ ತೆಗೀರಿ, ನಾನು ನೋಡ್ತೀನಿ" ಎಂದ, ಆತ ಹಿಂದೆ ನಿಂತು ನೋಡುತ್ತಿರುವಂತೆಯೇ ಅಳಿಸಿದಳು. "ಬೇರೆ ಯಾರಾದ್ರೂ ನೋಡಿದಾರಾ?" ಎಂದ. "ಇಲ್ಲ" ಎಂದಳು. ಆಗ ಕನ್ನಡಿಯ ಪಕ್ಕದಿಂದ ಅಜ್ಜಿಯ ದನಿ, ಇಡೀ ಕಟ್ಟಡಕ್ಕೆ ಕೇಳುವಂತೆ:

"ಏನೇ, ಇವನು ಆವತ್ತಿನ ಗಡ್ಡದವನಲ್ವೇನೇ? ಬೋಳಿಸಿದ್ರೆ ಚೆನ್ನಾಗೇ ಕಾಣ್ತಾನೆ!"

ಹಲಗೆಯ ಈಚೆ ನನ್ನ ಕಾಲು ಯಂತ್ರದ ಪೆಡಲಿನ ಮೇಲೆ ನಿಂತೇಹೋಯಿತು. ಆತ ಅಜ್ಜಿಯ ಹತ್ತಿರ ಹೋಗಿ ಬಗ್ಗಿ, "ನಮಸ್ಕಾರ ಅಜ್ಜಿ. ನಿಮ್ಮ ಕಣ್ಣು ಚುರುಕಾಗಿದೆ" ಎಂದದ್ದು ಕೇಳಿಸಿತು. ಆಮೇಲೆ ಮೆಟ್ಟಿಲಿಳಿಯುವ ಸದ್ದು. ಒಂದೊಂದೇ ಮೆಟ್ಟಿಲು, ಅವಸರವಿಲ್ಲದೆ.

ಅಂದಿನಿಂದ ಆತ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರತೊಡಗಿದ. ಬೆಳಿಗ್ಗೆ ಹತ್ತಕ್ಕೆ ಬಂದರೆ ಅಕ್ಕ ಬಾಗಿಲು ಹಾಕುವವರೆಗೂ ಅಲ್ಲೇ. ಅವಳು ಕಿಟಕಿಗೆ ಬಂದರೆ ತಲೆ ಬಾಗಿಸಿ ನಗುವನು. ಬೈಗುಳವಿಲ್ಲ, ಬೆದರಿಕೆಯಿಲ್ಲ. ಯಾರಿಗೆ ಹೇಳಿದರೂ, "ಚಹಾ ಕುಡಿಯೋದು ತಪ್ಪೇನ್ರೀ?" ಎನ್ನುತ್ತಿದ್ದರು. ಅಕ್ಕ ಕಿಟಕಿಗೆ ಹಳೆಯ ಪರದೆ ಕಟ್ಟಿದಳು. ಕಟ್ಟಿದ ಮೇಲೆ, ಆತ ಇದ್ದಾನೋ ಇಲ್ಲವೋ ಗೊತ್ತಾಗದೆ ಇನ್ನೂ ಹೆದರಿಕೆಯಾಗಿ ತೆಗೆದಳು.

ಹೀಗೆ ಎಂಟು ಹತ್ತು ದಿನ ಕಳೆದಿರಬೇಕು. ಆವತ್ತು ಅಕ್ಕನ ಬಳಿ ಗಿರಾಕಿಗಳಿದ್ದಾಗ ಅಜ್ಜಿ ಮೈ ಸರಿಯಿಲ್ಲವೆಂದು ಮಧ್ಯಾಹ್ನವೇ ಒಬ್ಬರೇ ಮನೆಗೆ ಹೊರಟರು. ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿ. ಸಂಜೆ ಅಕ್ಕ ಹೋಗಿ ನೋಡಿದರೆ ಅಜ್ಜಿ ಖುಷಿಯಾಗಿದ್ದಾರೆ.

"ಆ ಹುಡುಗ ಎಷ್ಟು ಒಳ್ಳೇವ್ನೇ! ರಸ್ತೆ ದಾಟಿಸಿ, ಚೀಲ ಹಿಡ್ಕೊಂಡು, ಮೆಟ್ಟಿಲು ಹತ್ತಿಸಿ, ಬಾಗಿಲವರೆಗೂ ಬಿಟ್ಟು ಹೋದ. ಒಂದು ಲೋಟ ನೀರೂ ಬೇಡ ಅಂದ."

"ಯಾವ ಹುಡುಗ ಅತ್ತೆ?"

"ಅದೇ, ಬೆಂಚಿನ ಮೇಲೆ ಕೂರ್ತಾನಲ್ಲ. ನಿಂಗೆ ಏನೋ ಹೇಳು ಅಂದ. ಹಾಂ, 'ಅಜ್ಜಿನ ಜೋಪಾನ ಮಾಡಕ್ಕೆ ಹೇಳಿ, ಮೆಟ್ಟಿಲು ಕಡಿದಾಗಿದೆ, ಈ ವಯಸ್ಸಲ್ಲಿ ಬಿದ್ರೆ ಮೂಳೆ ಕೂಡಲ್ಲ' ಅಂದ."

ಇದನ್ನು ಹೇಳುವಾಗ ಅಕ್ಕ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ರಾತ್ರಿ ಅಜ್ಜಿಯ ಮಂಚಕ್ಕೂ ಬಾಗಿಲಿಗೂ ನಡುವೆ ಚಾಪೆ ಹಾಸಿಕೊಂಡು ಕೂತೇ ಇದ್ದಳಂತೆ.

ಬೆಳಗಾದ ಮೇಲೆ ಠಾಣೆಗೆ ಹೋದಳು. ಹೋಗಬೇಡ ಎಂದು ಅರ್ಜಿ ಮಾವ ಹೇಳಿದರು, ಹೋಗು ಎಂದು ನಾನು ಹೇಳಿದೆ. ಸತ್ಯ ಹೇಳಿದರೆ ದೇವರು ಜೊತೆಗಿರುತ್ತಾನೆ ಎಂಬುದು ನನ್ನ ನಂಬಿಕೆ. ಈಗಲೂ ನಂಬಿದ್ದೇನೆ. ಆದರೆ ಹೋಗು ಎಂದವಳು ನಾನು ಎಂಬುದು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತಿದೆ. ಅಲ್ಲಿದ್ದ ಅಧಿಕಾರಿ ಪೂರ್ತಿ ಕೇಳಿ, "ಆ ಹಳೇ ಫೋಟೋ ಎಲ್ಲಿ?" ಎಂದರಂತೆ. ಕೊಟ್ಟುಬಿಟ್ಟೆ ಎಂದಳು. "ಕಂಪ್ಯೂಟರಲ್ಲಿ?" ಅಳಿಸಿಬಿಟ್ಟೆ ಎಂದಳು. "ಮತ್ತೆ ನಾನೇನು ಹಿಡೀಲಿ ತಾಯಿ, ಕಿವೀನಾ?" ಎಂದು ಅವರು ನಕ್ಕು, ಅವಳ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮೇಜಿನ ಗಾಜಿನ ಕೆಳಗೆ ಸೇರಿಸಿದರು.

ಸಂಜೆ ಅವಳು ಅಜ್ಜಿಯನ್ನು ಇಳಿಸಿಕೊಂಡು ಹೊರಟಾಗ ಆತ ಮೆಟ್ಟಿಲ ಬುಡದಲ್ಲಿ, ಅರ್ಜಿ ಮಾವನ ಮೇಜಿನ ಪಕ್ಕದಲ್ಲೇ ನಿಂತಿದ್ದ.

"ಬೆಳಿಗ್ಗೆ ಬಿಸಿಲಲ್ಲಿ ಅಷ್ಟು ದೂರ ನಡ್ಕೊಂಡು ಹೋಗಿದ್ರಂತಲ್ಲಮ್ಮ. ಹೇಳಿದ್ರೆ ನಾನೇ ಗಾಡಿ ತರ್ತಿದ್ದೆ."

ಮಾವ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ಆಮೇಲೆ ನನಗೆ ಆ ಹಾಳೆ ತೋರಿಸಿದರು. ಯಾರದೋ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಬರೀ ಗೆರೆಗಳನ್ನು ಎಳೆದಿದ್ದರು.

ಅಕ್ಕನಿಗೆ ಒಬ್ಬಳೇ ತಂಗಿ, ಹೊರದೇಶದಲ್ಲಿದ್ದಾಳೆ. ಯಾವ ದೇಶ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಗಂಡನೊಂದಿಗೆ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ನೆಲೆನಿಂತವಳು. ಭಾವ ತೀರಿಕೊಂಡಾಗಿನಿಂದ ಅಕ್ಕನನ್ನು ಕರೆಯುತ್ತಲೇ ಇದ್ದಳು. "ಎಲ್ಲರನ್ನೂ ಕಳಿಸೋಳು ನಾನು, ನಾನೇ ಹೊರಟರೆ ಗಲ್ಲ ಎತ್ತಿ ಹಿಡಿಯೋರು ಯಾರೇ?" ಎಂದು ಇವಳು ನಗುತ್ತಿದ್ದಳು. ಆ ರಾತ್ರಿ ಇವಳೇ ಕರೆ ಮಾಡಿದಳು.

"ಬರ್ತೀನಿ. ಅತ್ತೇನೂ ಕರ್ಕೊಂಡು ಬರ್ತೀನಿ."

"ಏನೇ ಇದ್ದಕ್ಕಿದ್ದ ಹಾಗೆ? ಸೂರ್ಯ ಯಾವ ಕಡೆ ಹುಟ್ಟಿದ? ಏನಾಯ್ತೇ?"

"ಏನಿಲ್ಲ. ನಿನ್ನ ನೋಡ್ಬೇಕು ಅನ್ನಿಸ್ತು, ಅಷ್ಟೆ."

ಫೋನಿನಲ್ಲಿ ನಿಜ ಹೇಳಲು ಅವಳಿಗೆ ಧೈರ್ಯವಾಗಲಿಲ್ಲ. ಯಾರು ಕೇಳಿಸಿಕೊಳ್ಳುತ್ತಿದ್ದಾರೋ ಯಾರಿಗೆ ಗೊತ್ತು?

ಪಾಸ್‌ಪೋರ್ಟ್, ವೀಸಾ ಅರ್ಜಿಗಳನ್ನು ಮಾವ ನನ್ನ ಕೋಣೆಯಲ್ಲೇ ಕುಳಿತು, ಬಾಗಿಲು ಮುಂದೆ ಮಾಡಿ ಬರೆದರು. "ಹೋಗಲು ಕಾರಣ" ಎಂದಿದ್ದ ಕಡೆ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು. "ಒಂದೇ ಗೆರೆ ಜಾಗ ಕೊಟ್ಟಿದಾರೆ. ತಂಗಿಯ ಜೊತೆ ಇರಲು ಅಂತ ಬರೀಲಾ?" ಅವಳು ತಲೆಯಾಡಿಸಿದಳು. ಫೋಟೋ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿ ಕುರ್ಚಿಯ ಮೇಲೆ ಕೂತು, "ಹಲ್ಲು ಹಾಕ್ಕೊಳ್ಳಲಾ, ತೆಗೀಲಾ? ಅಲ್ಲಿಯವ್ರು ಹಲ್ಲಿಲ್ದವ್ರನ್ನ ಬಿಟ್ಕೊಳ್ತಾರೋ ಇಲ್ವೋ" ಎಂದು ಕೇಳಿದರು. ಎಷ್ಟೋ ದಿನದ ಮೇಲೆ ನಾವು ಮೂವರೂ ನಕ್ಕೆವು. ಆಮೇಲೆ ಅಕ್ಕ ಕೂತಳು. ಕೋಟು ಬೇಡವೆಂದಳು. ಕಿವಿಯ ಮೇಲಿನ ಕೂದಲನ್ನು ತಾನೇ ಹಿಂದೆ ಸರಿಸಿಕೊಂಡಳು. ನಾನು ನಾಲ್ಕು ಸಲ ತೆಗೆದೆ. ನಾಲ್ಕರಲ್ಲೂ ಅವಳ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ, ನನ್ನ ಹಿಂದಿದ್ದ ಬಾಗಿಲ ಮೇಲಿತ್ತು. ಐದನೆಯ ಸಲ ನಾನು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಜ್ಜಿ ನಡುಗುವ ಬೆರಳಿನಿಂದ ಗುಂಡಿ ಒತ್ತಿದರು. ಅದೇ ಸರಿಯಾಗಿ ಬಂತು.

ಕಾಗದಗಳು ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ, ಒಂದು ಸೋಮವಾರ, ಬೆಂಚು ಖಾಲಿಯಾಗಿತ್ತು. ಮಂಗಳವಾರವೂ ಖಾಲಿ. ವಾರವಾದರೂ ಆತ ಬರಲಿಲ್ಲ. ಅರ್ಜಿ ಮಾವ ಉತ್ಸಾಹದಿಂದ ಮೇಲೆ ಬಂದರು.

"ಅವನ ಪಾಸ್‌ಪೋರ್ಟ್ ಬಂದಿರ್ಬೇಕು ಅಕ್ಕ. ಅದು ಕೈಗೆ ಸಿಗೋವರೆಗೂ ನಿನ್ನ ಕಾದ, ಅಷ್ಟೇ. ಪೀಡೆ ತೊಲಗಿತು. ಇನ್ಯಾಕೆ ಹೋಗ್ತೀಯಾ? ಇಲ್ಲೇ ಇರು."

ನಾನೂ ಅದನ್ನೇ ಹೇಳಿದೆ. ಸ್ವಾರ್ಥವೂ ಇತ್ತು. ಇವಳು ಹೋದರೆ ಆ ಗೋಡೆಯ ಆಚೆ ಯಾರಿದ್ದಾರೆ?

ಅವಳು ಕಿಟಕಿಯಿಂದ ಖಾಲಿ ಬೆಂಚನ್ನು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಹೋದ ಅಂತ ಯಾರು ನೋಡಿದ್ರು ಮಾವ? ಹೋದ ಸಲ ಗಡ್ಡ ತೆಗೆದು ಬಂದ. ಈ ಸಲ ಏನು ತೆಗೆದು ಬರ್ತಾನೋ, ಏನು ಹಾಕ್ಕೊಂಡು ಬರ್ತಾನೋ" ಎಂದಳು.

ಬೆಂಚಿನ ಮೇಲೆ ಕೂತಿದ್ದಾಗ ಆತ ಒಂದೇ ಕಡೆ ಇದ್ದ. ಈಗ ಮೆಟ್ಟಿಲು ಹತ್ತಿ ಬರುವ ಪ್ರತಿಯೊಬ್ಬನಲ್ಲೂ ಇರಬಹುದಾಗಿತ್ತು. ಅಂಚೆಯವನು ಬಂದರೆ ಬೆಚ್ಚುವಳು. ಫೋಟೋಕ್ಕೆ ಬಂದವರ ಮುಖ ನೋಡುವುದನ್ನು ಬಿಟ್ಟಳು. ನೋಡಿದರೆ ಗುರುತು ಸಿಕ್ಕಿಬಿಟ್ಟೀತು ಎಂಬ ದಿಗಿಲು. ನೆಲ ನೋಡುತ್ತ, "ಕೂತ್ಕೊಳ್ಳಿ, ಆಯ್ತು, ಏಳಿ" ಎನ್ನುವಳು. ಯಾಕೆ ಹೋಗುತ್ತೀರಿ ಎಂದು ಯಾರನ್ನೂ ಕೇಳಲಿಲ್ಲ. ಒಂದು ವಾರದಲ್ಲಿ ಮೂವರ ಫೋಟೋಗಳನ್ನು ಕಚೇರಿಯವರು ವಾಪಸು ಕಳಿಸಿದರು. ಒಬ್ಬನ ಕಣ್ಣು ಮುಚ್ಚಿತ್ತು, ಇನ್ನಿಬ್ಬರ ಕಿವಿ ಕೂದಲಲ್ಲಿ ಮುಳುಗಿತ್ತು. ಹನ್ನೊಂದು ವರ್ಷದಲ್ಲಿ ಅವಳ ಒಂದು ಫೋಟೋವೂ ವಾಪಸು ಬಂದಿರಲಿಲ್ಲ. ಆ ಮೂರನ್ನೂ ನನ್ನ ಯಂತ್ರದ ಮೇಲೆ ಇಟ್ಟು, "ನೋಡು" ಎಂದಳು. ಇಲ್ಲೇ ಇರು ಎಂದು ಆಮೇಲೆ ನಾನು ಹೇಳಲಿಲ್ಲ.

ಹೊರಟದ್ದು ಒಂದು ಬೆಳಿಗ್ಗೆ. ವಿಮಾನ ನಿಲ್ದಾಣದವರೆಗೆ ಮಾವ, ನಾನು ಇಬ್ಬರೂ ಹೋದೆವು. ಗಾಡಿಯಲ್ಲಿ ಅವಳು ಹಿಂದಿನ ಗಾಜಿನ ಕಡೆ ತಿರುಗಿ ಕೂತಿದ್ದಳು. ಹಿಂದೆ ಬರುತ್ತಿದ್ದ ಪ್ರತಿ ಸ್ಕೂಟರನ್ನೂ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಒಳಗೆ ಬಿಡುವ ಬಾಗಿಲಿನ ಹತ್ತಿರ ಅವಳು ನನ್ನನ್ನು ತಬ್ಬಿಕೊಂಡಳು.

ಒಳಗೆ ನಡೆದದ್ದನ್ನು ಅಜ್ಜಿ ಆಮೇಲೆ ಫೋನಿನಲ್ಲಿ ಹೇಳಿದರು. ಮುದ್ರೆ ಹಾಕುವ ಅಧಿಕಾರಿ ಅಕ್ಕನ ಪಾಸ್‌ಪೋರ್ಟ್ ತಿರುವಿ, ಅವಳ ಮುಖ ನೋಡಿ, ಮತ್ತೆ ಫೋಟೋ ನೋಡಿ, "ಯಾಕೆ ಹೋಗ್ತಾ ಇದೀರಿ?" ಎಂದರಂತೆ. ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಅವರು ಇನ್ನೊಮ್ಮೆ ಕೇಳಿದರು. ಅವಳು ಕೌಂಟರಿನ ಅಂಚು ಹಿಡಿದು ನಡುಗತೊಡಗಿದಳು. ಹಿಂದಿನವರೆಲ್ಲ ಕತ್ತು ಉದ್ದ ಮಾಡಿದರು. ಅಧಿಕಾರಿ ಎದ್ದು ಪಕ್ಕದವರನ್ನು ಕರೆಯಲು ತಿರುಗಿದರಂತೆ. ಆಗ ಅಜ್ಜಿ ಮುಂದೆ ನುಗ್ಗಿದರು.

"ಅವಳನ್ನೇನು ಕೇಳ್ತೀಯಪ್ಪ? ಮೇಲೆ ಹಾರೋದು ಅಂದ್ರೆ ಅವಳಿಗೆ ಪ್ರಾಣಭಯ. ಮೂರು ದಿನದಿಂದ ಅನ್ನ ಮುಟ್ಟಿಲ್ಲ. ತಂಗಿ ಮನೆಗೆ ಹೋಗ್ತಾ ಇದೀವಿ. ಇರೋಳು ಒಬ್ಬಳೇ ತಂಗಿ. ನಂಗೂ ಕಾಲು ನೋವು, ನಿಂತು ನಿಂತು ಸಾಕಾಯ್ತು. ಬೇಗ ಗುದ್ದಪ್ಪ ಆ ಮುದ್ರೆನ!"

ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿಯೂ ನಕ್ಕು ಕೂತರು. ಎರಡು ಸಲ ಸದ್ದಾಯಿತು. "ನಂಗೆ ಎಲ್ಲಾ ಗೊತ್ತಿತ್ತು ಕಣೇ" ಎಂದರು ಅಜ್ಜಿ ನನಗೆ. "ಆವತ್ತು ನೀರು ಬೇಡ ಅಂದನಲ್ಲ, ಕೆಡುಕು ಮನಸ್ಸಲ್ಲಿರೋನು ಆ ಮನೆ ನೀರು ಮುಟ್ಟಲ್ಲ, ಆಗ್ಲೇ ಗೊತ್ತಾಯ್ತು. ಅವಳು ಹೆದರ್ತಾಳೆ ಅಂತ ಒಳ್ಳೇವ್ನು ಅಂದೆ." ಎಂಬತ್ತರ ಹತ್ತಿರದ ಜೀವ ಅಷ್ಟೂ ತಿಂಗಳು ಹೆದರಿಕೆಯನ್ನು ಒಬ್ಬರೇ ನುಂಗಿಕೊಂಡು ಬಾಚಣಿಗೆ ಹಿಡಿದು ಕೂತಿದ್ದರು. ಸೊಸೆಯೂ ಹಾಗೆಯೇ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಈಗ ಅಕ್ಕ ತಂಗಿಯ ಜೊತೆ ಕಾರ್ಖಾನೆಗೆ ಹೋಗುತ್ತಾಳೆ. ಹೋಟೆಲುಗಳ ಹಾಸಿಗೆ ಬಟ್ಟೆಗಳನ್ನು ಮಡಚುವ ಕೆಲಸ. "ಬಿಳೀದು, ಎಲ್ಲಾ ಬಿಳೀದೇ. ತಲೆ ಎತ್ತೋ ಹಾಗೇ ಇಲ್ಲ. ಒಳ್ಳೇದಾಯ್ತು" ಎಂದಳು ಮೊನ್ನೆ. ನಿದ್ರೆ ಬರುತ್ತಿದೆಯೇ ಎಂದು ಕೇಳಿದೆ. ಬೆಳಗಿನ ಜಾವ ಒಂದೆರಡು ಗಂಟೆ ಬರುತ್ತದಂತೆ. ಹೋದ ವಾರ ಬಸ್ಸಿನಲ್ಲಿ ಯಾರೋ ನಮ್ಮ ಭಾಷೆಯಲ್ಲಿ ಮಾತಾಡಿದ್ದು ಕೇಳಿ, ಇಳಿಯಬೇಕಾದ ಜಾಗಕ್ಕಿಂತ ನಾಲ್ಕು ನಿಲ್ದಾಣ ಮೊದಲೇ ಇಳಿದು ನಡೆದುಕೊಂಡು ಮನೆ ಸೇರಿದಳಂತೆ.

"ಕ್ಯಾಮೆರಾ ಯಾರಿಗಾದ್ರೂ ಕೊಟ್ಬಿಡು" ಎಂದಳು ಕೊನೆಯಲ್ಲಿ. ಆಗಲಿ ಎಂದೆ. ಇನ್ನೂ ಯಾರಿಗೂ ಹೇಳಿಲ್ಲ. ಶನಿವಾರಕ್ಕೊಮ್ಮೆ ಬೀಗ ತೆಗೆದು ಒಳಗೆ ಹೋಗಿ, ಅದರ ಧೂಳು ಒರೆಸಿ, ಮೇಲೆ ಬಟ್ಟೆ ಮುಚ್ಚಿ ಬರುತ್ತೇನೆ.